ಮೇಜಿಗೆ ಮರಳಿದ ರಟ್ಟಿನ ಬಿಲ್ಲೆ

ನನ್ನ ದೊಡ್ಡ ತಮ್ಮನ ಹೆಂಡತಿಯನ್ನು ಮನೆಯವರೆಲ್ಲ ಮೊಳೆ ಎಂದೇ ಕರೆಯುತ್ತೇವೆ. ಹೆಸರಿಟ್ಟವಳು ನನ್ನ ಮಗಳು, ಅವಳಿನ್ನೂ ಶಾಲೆಗೆ ಸೇರುವ ಮೊದಲು. ಹಳೆಯ ಕುರ್ಚಿ, ಸೋಫಾಗಳಿಗೆ ಹೊಸ ಹೊದಿಕೆ ಹಾಕುವುದು ಮೊಳೆಯ ಕಸುಬು. ಹೊದಿಕೆಯ ಬಟ್ಟೆಯನ್ನು ಒಂದು ಅಂಗೈಯಿಂದ ಬಿಗಿಯಾಗಿ ಎಳೆದು ಒತ್ತಿ ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆ ತೆಗೆಯಲು ಡಬ್ಬಿಗೆ ಕೈ ಹಾಕಿದರೆ ಎಳೆತ ಸಡಿಲಾಗುತ್ತದೆ. ಹಾಗಾಗಿ ಅವಳು ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯಲ್ಲಿ ತುಂಬಿಕೊಂಡು, ನಾಲಿಗೆಯಿಂದ ಒಂದೊಂದನ್ನೇ ತುಟಿಗೆ ತಂದು ಹೊಡೆಯುತ್ತಾಳೆ. ಅದನ್ನು ಬಾಯಿ ಬಿಟ್ಟುಕೊಂಡು ನೋಡಿದ ನನ್ನ ಮಗಳು, "ಅಮ್ಮಾ, ಈ ಅತ್ತೆಗೆ ಹಲ್ಲಿನ ಬದಲು ಮೊಳೆ ಇದೆ" ಎಂದು ಓಡಿಬಂದಿದ್ದಳು. ಅಂದಿನಿಂದ ಅವಳು ಮೊಳೆ ಅತ್ತೆ. ಆ ಹೆಸರಿನ ಬಗ್ಗೆ ಅವಳಿಗೆ ಬೇಸರವಿರಲಿಲ್ಲ, ಹೆಮ್ಮೆಯಿತ್ತು. ಅಡ್ಡಹೆಸರು ಬೇಕೆಂದರೆ ಸಿಗುವಂಥದ್ದಲ್ಲ.

ಬಾಯಲ್ಲಿ ಮೊಳೆಯಿದ್ದಾಗ ಮಾತಿಲ್ಲ. ಸಿಟ್ಟು ಬಂದಾಗಲೂ ಅವಳು ಮೊದಲು ಮಾಡುವ ಕೆಲಸ ಅದೇ: ಡಬ್ಬಿಗೆ ಕೈ ಹಾಕಿ ಬಾಯಿ ತುಂಬಿಕೊಳ್ಳುವುದು. ಗಂಡ ಹೆಂಡತಿ ಜಗಳವಾಡದೆ ಇಷ್ಟು ವರ್ಷ ಬಾಳಿದ್ದಕ್ಕೆ ಇದೇ ಕಾರಣ ಎಂದು ನನ್ನ ತಮ್ಮ ಹೇಳುತ್ತಾನೆ. ಅವನು ಸಾಮಾನು ಸಾಗಿಸುವ ವ್ಯಾನು ಓಡಿಸುತ್ತಾನೆ. ಮನೆಯ ಕೆಳಗಿನ ಅಂಗಡಿಯಲ್ಲಿ ಅವಳ ಕೆಲಸ. ಒಳಗೆ ಕಾಲಿಟ್ಟರೆ ಸೆಣಬಿನ ಪಟ್ಟಿ, ನಾರು, ಹಳೇ ಸ್ಪಂಜಿನ ಧೂಳು; ಗೋಡೆಗೆ ಕಾಲು ಮೇಲೆ ಮಾಡಿ ನಿಂತ ಸೋಫಾಗಳು. ಬಿಚ್ಚಿದ ಸೋಫಾದೊಳಗೆ ಸಿಕ್ಕ ಬಾಚಣಿಗೆ, ಪೆನ್ನು, ಕಿವಿಯೋಲೆಗಳನ್ನು ಪೊಟ್ಟಣ ಕಟ್ಟಿ ಕುರ್ಚಿಯ ಕಾಲಿಗೇ ಕಟ್ಟಿ ವಾಪಸು ಕಳಿಸುತ್ತಾಳೆ. ಒಂದು ಚೂರು ಬಟ್ಟೆಯನ್ನೂ ಎಸೆಯುವವಳಲ್ಲ.

ಈ ಗುಣದಿಂದಲೇ ನಮ್ಮ ಮನೆಯಲ್ಲಿ ಅವಳಿಗೆ ಒಂದು ಸ್ಥಾನ ಸಿಕ್ಕಿತ್ತು. ಅದನ್ನು ವಿವರಿಸಬೇಕಾದರೆ ನಮ್ಮಮ್ಮನ ಮೇಜಿನ ವಿಷಯ ಹೇಳಬೇಕು.

ವರ್ಷದ ಕೊನೆಯ ರಜೆಯಲ್ಲಿ ನಾವೆಲ್ಲ ಒಂದು ದಿನ ಸೇರಿ ಉಡುಗೊರೆ ಕೊಟ್ಟುಕೊಳ್ಳುತ್ತೇವೆ. ಒಂದು ವರ್ಷ ಆ ಸಂಜೆ ಮುಗಿದ ಮೇಲೆ ಮಿರುಗುವ ಕಾಗದ, ಪ್ಲಾಸ್ಟಿಕ್ಕು, ಥರ್ಮೊಕೋಲುಗಳು ಸೊಂಟದೆತ್ತರ ರಾಶಿ ಬಿದ್ದವು. ಅಮ್ಮ ಅದರ ಮುಂದೆ ನಿಂತು, "ಕೊಟ್ಟಿದ್ದಕ್ಕಿಂತ ಕಸವೇ ಜಾಸ್ತಿ" ಎಂದಳು. ಮುಂದಿನ ವರ್ಷಕ್ಕೆ ನಿಯಮ ಬಂತು. ಅಂಗಡಿಯಿಂದ ಯಾರೂ ಏನನ್ನೂ ಕೊಳ್ಳಕೂಡದು. ಕೈಯಾರೆ ಮಾಡಿದ್ದೋ, ಮನೆಯಲ್ಲಿ ಇದ್ದದ್ದೋ ಕೊಡಬೇಕು. ವರ್ಷವಿಡೀ ಉಪಯೋಗಿಸದೆ ಬಿದ್ದಿದ್ದ ಉಡುಗೊರೆಯನ್ನು ಮರುವರ್ಷ ಎಲ್ಲರೆದುರು ಊಟದ ಮೇಜಿನ ಮೇಲೆ ತಂದಿಡಬೇಕು. ಅದು ಬೇಕಾದವರು ತೆಗೆದುಕೊಳ್ಳಬಹುದು. "ಇದರಲ್ಲಿ ಅವಮಾನ ಏನೂ ಇಲ್ಲ" ಎಂದೂ ಅಮ್ಮ ಸೇರಿಸಿದಳು. ಆ ಮಾತನ್ನು ಯಾರೂ ನಂಬಲಿಲ್ಲ. ತಾನು ಕೊಟ್ಟದ್ದು ಮೇಜಿಗೆ ಮರಳುವಾಗ ಮುಖ ಚಿಕ್ಕದಾಗದವರು ನಮ್ಮಲ್ಲಿ ಇಲ್ಲ. ನಾನು ಕೊಟ್ಟ ನಿಘಂಟು ಮೂರು ಸಲ ಮರಳಿದೆ.

ಮೊಳೆ ಕೊಟ್ಟದ್ದು ಮಾತ್ರ ಒಮ್ಮೆಯೂ ಮರಳಿರಲಿಲ್ಲ. ಹಳೇ ಪರದೆಯ ಬೆನ್ನುದಿಂಬು, ಸೋಫಾ ತುಂಡಿನ ತರಕಾರಿ ಚೀಲ, ಮುರಿದ ಪೆಟ್ಟಿಗೆಗೆ ಬಟ್ಟೆ ಹೊದಿಸಿ ಮಾಡಿದ ಕಾಲ್ಮಣೆ. ಇದನ್ನು ಬರೆಯುವಾಗಲೂ ನನ್ನ ಬೆನ್ನ ಹಿಂದೆ ಇರುವುದು ಅವಳ ದಿಂಬೇ. ಪ್ರತಿ ವರ್ಷ ಮೇಜು ತುಂಬುವವರೆಗೆ ಅವಳು ಗೋಡೆಗೊರಗಿ ಕೈಕಟ್ಟಿ ನೋಡುವಳು. ಕೊನೆಗೆ ನನ್ನ ಮಗಳು, "ಮೊಳೆ ಅತ್ತೇದು ಈ ಸಲಾನೂ ಇಲ್ಲ" ಎಂದು ಘೋಷಿಸುವಳು. "ಹೋಗ್ಲಿ ಬಿಡೇ" ಎನ್ನುವಾಗ ಮೊಳೆಯ ಮುಖ ನೋಡಬೇಕು.

ನನ್ನ ಚಿಕ್ಕ ತಮ್ಮ ನಡುವಯಸ್ಸಿನಲ್ಲಿ ಮದುವೆಯಾದ. ಅವನ ಹೆಂಡತಿ ಜನರಿಂದ ಹಳೆಯ ಸಾಮಾನು ಸಂಗ್ರಹಿಸಿ, ಬೇಕಾದವರಿಗೆ ತಲುಪಿಸುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ಚುರುಕು ಹೆಂಗಸು. ನಗುಮುಖ. ಮೊದಲ ವರ್ಷದ ಕೂಟಕ್ಕೆ ಅವಳು ತಂದದ್ದು ವಸ್ತುವೇ ಅಲ್ಲ. ಔಷಧಿ ಬಂದಿದ್ದ ಪೆಟ್ಟಿಗೆಯ ರಟ್ಟನ್ನು ದುಂಡಗೆ ಕತ್ತರಿಸಿ, ಪ್ರತಿಯೊಬ್ಬರಿಗೂ ಒಂದೊಂದು ಬಿಲ್ಲೆ ಕೊಟ್ಟಳು. ನನ್ನದರ ಮೇಲೆ, "ಗ್ರಂಥಾಲಯಕ್ಕೆ ಜೊತೆಗೆ ಬರುತ್ತೇನೆ, ನೀವು ಕರೆದಾಗಲೆಲ್ಲ" ಎಂದಿತ್ತು. ಅಷ್ಟರಲ್ಲಿ ತಾಯಿಯಾಗಿದ್ದ ನನ್ನ ಮಗಳದರ ಮೇಲೆ ಅವಳ ಮಗುವನ್ನು ನೋಡಿಕೊಳ್ಳುವ ಮಾತು. ಮೊಳೆಯ ಬಿಲ್ಲೆಯ ಮೇಲೆ, "ಅಂಗಡಿಯಲ್ಲಿ ಒಂದು ದಿನ, ನೀವು ಹೇಳಿದ ಕೆಲಸ" ಎಂದು ಬರೆದಿತ್ತು.

ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಕಸವಿಲ್ಲ, ಖರ್ಚಿಲ್ಲ, ಉಪಕಾರವೂ ಆಯಿತು. "ಅಮ್ಮ ಇದ್ದಿದ್ರೆ ಇವಳನ್ನ ತಲೆ ಮೇಲೆ ಕೂರಿಸ್ಕೊಳ್ಳೋಳು" ಎಂದ ನನ್ನ ದೊಡ್ಡ ತಮ್ಮ. ಹೆಂಡತಿಯ ಎದುರಿಗೆ ಆಡಬಾರದ ಮಾತು.

ಅಡುಗೆಮನೆಯಲ್ಲಿ ತಟ್ಟೆ ತೊಳೆಯುವಾಗ ಮೊಳೆ ನನ್ನ ಕಿವಿಯ ಹತ್ತಿರ ಬಂದಳು.

"ದೊಡ್ಡಕ್ಕ, ಒಂದು ಮಾತು ಕೇಳ್ತೀನಿ. ಅವಳದ್ದು ಮೇಜಿಗೆ ಹೇಗೆ ವಾಪಸ್ ಬರುತ್ತೆ?"

"ಅಂದ್ರೆ?"

"ನಾವು ಬೆನ್ನು ಮುರ್ಕೊಂಡು ಮಾಡಿ ಕೊಡ್ತೀವಿ. ಬೇಡ ಅನ್ಸಿದ್ರೆ ಎಲ್ಲರ ಮುಂದೆ ತಂದು ಕುಕ್ತಾರೆ. ಇವಳು ಬರೀ ಬಾಯಿಮಾತು ಕೊಟ್ಟಿದ್ದಾಳೆ. ಬಾಯಿಮಾತನ್ನ ಯಾರು ಮೇಜಿನ ಮೇಲೆ ಇಡ್ತಾರೆ? ಸೋಲೇ ಇಲ್ಲದ ಆಟ ಆಡ್ತಾಳೆ."

"ಬಿಲ್ಲೆ ಇದೆಯಲ್ಲ" ಎಂದೆ. "ಉಪಯೋಗಿಸದಿದ್ದರೆ ಬಿಲ್ಲೇನೇ ಇಡಬೇಕು."

ಅವಳು ಕೈಯಲ್ಲಿದ್ದ ತಟ್ಟೆಯನ್ನು ಒರೆಸಿದಳು, ಅದನ್ನೇ ಮತ್ತೊಮ್ಮೆ ಒರೆಸಿದಳು.

ಆ ವರ್ಷ ನಾನು ನನ್ನ ಬಿಲ್ಲೆಯನ್ನು ಸವೆಯುವಷ್ಟು ಬಳಸಿದೆ. ನನ್ನ ಕಣ್ಣು ಮಂಜಾಗಿತ್ತು, ಗ್ರಂಥಾಲಯಕ್ಕೆ ರಸ್ತೆ ದಾಟಬೇಕು. ಕಿರಿಯವಳು, ಅಂದರೆ ಚಿಕ್ಕ ತಮ್ಮನ ಹೆಂಡತಿ, ಮಾತು ಕೊಟ್ಟಂತೆ ಬಂದಳು. ಮಗಳ ಮಗುವೂ ಅವಳಿಗೆ ಅಂಟಿಕೊಂಡಿತು. ಇದೆಲ್ಲ ಮೊಳೆಯ ಕಿವಿಗೆ ಬೀಳುತ್ತಿತ್ತು. "ನಿಮ್ಮನೇಲಿ ಈಗ ಎಲ್ಲದಕ್ಕೂ ಅವಳೇ ಆಗ್ಬೇಕು" ಎಂದು ಫೋನಿನಲ್ಲಿ ಮೂಗು ಮುರಿದಳು. ಗ್ರಂಥಾಲಯದ ದಾರಿಯಲ್ಲೇ ಅವಳ ಅಂಗಡಿ. ನಾವಿಬ್ಬರೂ ಹಾದುಹೋಗುವಾಗ ಸುತ್ತಿಗೆಯ ಸದ್ದು ಜೋರಾಗುತ್ತಿತ್ತು.

ಬೇಸಿಗೆಯಲ್ಲಿ ಅವಳಿಗೆ ದೊಡ್ಡ ಕೆಲಸ ಬಂತು. ಒಂದು ಶಾಲೆಯ ಸಭಾಂಗಣದ ಅಷ್ಟೂ ಕುರ್ಚಿಗಳಿಗೆ ಹೊಸ ಹೊದಿಕೆ, ಶಾಲೆ ಮತ್ತೆ ತೆರೆಯುವುದರೊಳಗೆ. ಹಳೆಯ ಮೊಳೆ ಕೀಳುವುದೇ ಈ ಕಸುಬಿನಲ್ಲಿ ಮೈಮುರಿಯುವ ಭಾಗ. ಅರ್ಧದಷ್ಟು ಕುರ್ಚಿಗಳು ಮುಗಿಯುವ ಹೊತ್ತಿಗೆ ಅವಳ ಬಲ ಭುಜ ಹಿಡಿದುಕೊಂಡಿತು. ನಾನು ಹೋದಾಗ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದಳು.

ನನ್ನ ತಮ್ಮ ಬಾಗಿಲಲ್ಲೇ ದೂರು ಹೇಳಿದ. "ನೀನಾದರೂ ಹೇಳಕ್ಕ. ಆ ಹುಡುಗಿ ಬರ್ತೀನಿ ಅಂತ ಬಿಲ್ಲೆ ಕೊಟ್ಟಿದ್ದಾಳೆ. ಕರೀ ಅಂದ್ರೆ ನನ್ನ ಮೇಲೇ ಹಾರ್ತಾಳೆ."

"ರೀ, ನೀವು ವ್ಯಾನ್ ತೊಳ್ಕೊಳ್ಳಿ ಹೋಗಿ" ಎಂದಳು ಮೊಳೆ. ಅವನು ಹೋದ ಮೇಲೆ ನನ್ನ ಕಡೆ ತಿರುಗಿದಳು. "ಒಂದು ದಿನ ಕರೆಸ್ಕೊಂಡ್ರೆ ಬಿಲ್ಲೆ ಮುಗೀತಲ್ಲ ದೊಡ್ಡಕ್ಕ. ಆಮೇಲೆ ಮೇಜಿಗೆ ಬರಲ್ಲ."

ಆಗ ನನಗೆ ಅರ್ಥವಾಯಿತು. ಕಪಾಟಿನ ಗಾಜಿನ ಹಿಂದೆ ಆ ಬಿಲ್ಲೆ ಒಂದು ಗೀರೂ ಇಲ್ಲದೆ ನಿಂತಿತ್ತು. ಕಿರಿಯವಳ ಉಡುಗೊರೆಯೂ ಎಲ್ಲರೆದುರು ಮರಳಬೇಕು, ಮರಳಿಸುವವಳು ತಾನಾಗಬೇಕು. ಅದಕ್ಕಾಗಿ ಭುಜ ಹೋದರೂ ಚಿಂತೆಯಿಲ್ಲ. ಹೊಟ್ಟೆಕಿಚ್ಚಿಗೆ ಇಷ್ಟು ಶಿಸ್ತು ಇರಬಲ್ಲದು ಎಂದು ನಾನು ತಿಳಿದಿರಲಿಲ್ಲ. ಬುದ್ಧಿ ಹೇಳಿದೆ. ಅವಳು ಡಬ್ಬಿಗೆ ಕೈ ಹಾಕಿ ಬಾಯಿ ತುಂಬಿಕೊಂಡಳು. ಕುರ್ಚಿಗಳನ್ನು ಒಬ್ಬಳೇ ಮುಗಿಸಿದಳು.

ವರ್ಷದ ಕೊನೆಗೆ ಮತ್ತೆ ನಮ್ಮ ಮನೆಯಲ್ಲಿ ಸೇರಿದೆವು. ನನ್ನ ನಿಘಂಟು ಮೇಜಿಗೆ ಬಂತು. ಚಿಕ್ಕ ತಮ್ಮ ಕೊಟ್ಟಿದ್ದ ಹೂಕುಂಡ ಬಂತು. ನನ್ನ ಮಗಳು, "ಮೊಳೆ ಅತ್ತೇದು ಈ ಸಲಾನೂ..." ಎಂದು ಬಾಯಿ ತೆರೆಯುವಷ್ಟರಲ್ಲಿ ಮೊಳೆ ಗೋಡೆ ಬಿಟ್ಟು ಮುಂದೆ ಬಂದಳು. ಚೀಲದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಗಂಟು ಬಿಚ್ಚಿದಳು. ರಟ್ಟಿನ ಬಿಲ್ಲೆಯನ್ನು ಮೇಜಿನ ನಡುಮಧ್ಯೆ, ಅಕ್ಷರ ಎಲ್ಲರಿಗೂ ಕಾಣುವಂತೆ ಇಟ್ಟಳು.

ಕಿರಿಯವಳ ಮುಖ ಕೆಂಪಾಯಿತು.

"ಅಕ್ಕ, ನಿಮಗೆ ಬೇಕಾಗಲೇ ಇಲ್ವಾ?"

"ಬೇಕಾಗ್ಲಿಲ್ಲ ಕಣಮ್ಮ. ನಮ್ಮ ಕೆಲಸ ನಾವು ಮಾಡ್ಕೋತೀವಿ. ನಿಯಮ ಇದೆ ಅಂತ ತಂದಿಟ್ಟೆ ಅಷ್ಟೆ. ಇದರಲ್ಲಿ ಅವಮಾನ ಏನಿಲ್ಲ, ಅತ್ತೇನೇ ಹೇಳ್ತಿದ್ರು."

ಇಷ್ಟು ನಯವಾಗಿ ಅವಳು ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ವರ್ಷವಿಡೀ ತಿದ್ದಿ ತೀಡಿದ ಮಾತು.

ಆದರೆ ನಿಯಮದ ಉಳಿದರ್ಧವನ್ನು ಅವಳು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೇಜಿನ ಮೇಲೆ ಇಟ್ಟದ್ದನ್ನು ಬೇಕಾದವರು ತೆಗೆದುಕೊಳ್ಳಬಹುದು. ನನ್ನ ದೊಡ್ಡ ತಮ್ಮ ಕುರ್ಚಿಯಿಂದೆದ್ದು, ಕೈ ಚಾಚಿ ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡ.

"ನನಗೆ ಬೇಕು" ಎಂದ. "ಅಂಗಡಿಯಲ್ಲಿ ಒಂದು ದಿನ ಅಂತ ಬರೆದಿದೆ. ಅಂಗಡಿ ನನ್ನದೂ ಹೌದು. ಭುಜ ಎತ್ತೋಕಾಗದೆ ಬೇಸಿಗೆಯೆಲ್ಲ ನರಳಿದ್ದಾಳೆ ಇವಳು. ಯಾವಾಗ ಬರ್ತೀಯಮ್ಮ?"

"ನಾಳೇನೇ ಬರ್ತೀನಿ ಭಾವ" ಎಂದಳು ಕಿರಿಯವಳು.

ಮೊಳೆಯ ಕೈ ತನ್ನಷ್ಟಕ್ಕೆ ಪಕ್ಕಕ್ಕೆ ಹೋಯಿತು, ಅಲ್ಲಿ ಡಬ್ಬಿ ಇರಲಿಲ್ಲ. ಬೇಕಾಗಲಿಲ್ಲ ಎಂದವಳಿಗೆ ಬೇಕಾಗಿತ್ತೆಂಬುದು ಈಗ ಎಲ್ಲರಿಗೂ ಗೊತ್ತಾಗಿತ್ತು. ಗಂಡನನ್ನು ನೋಡಿದ ಆ ನೋಟಕ್ಕೆ ಸೋಫಾದ ಮರವೂ ಸೀಳಬೇಕು.

ಮರುದಿನ ನಡೆದದ್ದನ್ನು ನನ್ನ ತಮ್ಮ ವರದಿ ಮಾಡಿದ. ಬೆಳಗಿನಿಂದ ಮೊಳೆ ತುಟಿ ಪಿಟಕ್ಕೆನ್ನಲಿಲ್ಲ, ಬಾಯಿ ತುಂಬ ಮೊಳೆ. ಕಿರಿಯವಳನ್ನು ತುಕ್ಕು ಹಿಡಿದ ಮೊಳೆಗಳಿದ್ದ ಒಂದು ಸೋಫಾದ ಮುಂದೆ ಕೂರಿಸಿ, ಕೀಳು ಎಂದು ಕೈಸನ್ನೆ ಮಾಡಿದಳು. ಆಕೆ ಕಿತ್ತಳು. ಅಂಗೈಯಲ್ಲಿ ಬೊಕ್ಕೆ ಎದ್ದರೂ ಎದ್ದು ಹೋಗಲಿಲ್ಲ. ಊಟವಾದ ಮೇಲೆ ಒಂದು ಸ್ಟೂಲಿಗೆ ಬಟ್ಟೆ ಎಳೆದುಕೊಂಡು, ಮೊಳೆಯನ್ನು ನೋಡಿ ಕಲಿತಂತೆ, ತಾನೂ ಒಂದು ಹಿಡಿ ಮೊಳೆಗಳನ್ನು ಬಾಯಿಗೆ ಹಾಕಿಕೊಂಡಳು.

ಆಗ ಮೊಳೆ ತನ್ನ ಬಾಯಲ್ಲಿದ್ದದ್ದನ್ನೆಲ್ಲ ನೆಲಕ್ಕೆ ಉಗಿದು ಕೂಗಿದಳಂತೆ: "ಥೂ, ಉಗಿಯೇ! ನುಂಗಿ ಸಾಯ್ಬೇಕು ಅಂತಿದ್ದೀಯಾ? ನಿನ್ನ ಗಂಡನಿಗೆ ಏನಂತ ಹೇಳ್ಲಿ?"

ಅದು ಆ ದಿನದ ಮೊದಲ ಮಾತು.

ನನ್ನ ಮಗಳಿಗೆ ಈ ಕಥೆ ಸಿಕ್ಕಿದ್ದೇ ತಡ, ಕಿರಿಯವಳಿಗೆ ಚಿಕ್ಕ ಮೊಳೆ ಎಂದು ಹೆಸರಿಟ್ಟಳು. ಅದು ಕಿವಿಗೆ ಬಿದ್ದ ದಿನ ಮೊಳೆ ಅಂಗಡಿ ಮುಚ್ಚಿ ನೇರ ನಮ್ಮ ಮನೆಗೆ ಬಂದಳು. "ಗ್ರಂಥಾಲಯ ಅವಳಿಗೆ ಬಿಟ್ಟೆ. ಮಗೂನ ಬಿಟ್ಟೆ. ಹೆಸರೂ ಅವಳಿಗೇ ಕೊಟ್ಟುಬಿಡಿ!" ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಸಮಾಧಾನ ಹೇಳಲಿಲ್ಲ. ಮಗಳನ್ನು ಕರೆದು ಆ ಹೆಸರು ನಿಲ್ಲಿಸಬೇಕೆಂದೆ.

ಮೊಳೆ ಕಿರಿಯವಳಿಗೆ ಇನ್ನೇನೂ ಕೊಡಬೇಕಾಗಿರಲಿಲ್ಲ. ಕೂಟದಲ್ಲಿ ಒಂದು ಕಾಲೊರೆಸು ಕೊಟ್ಟಿದ್ದಳು, ಆ ವರ್ಷದ ಉಡುಗೊರೆ ಅಲ್ಲಿಗೆ ಮುಗಿದಿತ್ತು. ಆದರೂ ಕೆಲ ದಿನಗಳಲ್ಲಿ ಇನ್ನೊಂದು ಪೊಟ್ಟಣ ಕಳಿಸಿದಳು. ಅದರಲ್ಲಿ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಒಂದು ಚರ್ಮದ ಪಟ್ಟಿಯಿತ್ತು. ಕಾರಿನ ಹಳೆಯ ಸೀಟಿನ ಚರ್ಮ. ಒಳಗೆ ಕೆಟ್ಟ ರೇಡಿಯೋದ ಅಯಸ್ಕಾಂತ ಇಟ್ಟು ಹೊಲಿದದ್ದು. ಮೊಳೆಗಳು ಅದಕ್ಕೇ ಅಂಟಿಕೊಳ್ಳುತ್ತವೆ, ಬಾಯಿಗೆ ಹಾಕುವ ಅಗತ್ಯವಿಲ್ಲ. ಪೊಟ್ಟಣ ಒಯ್ದ ನನ್ನ ದೊಡ್ಡ ತಮ್ಮನ ಬಾಯಲ್ಲಿ ಸಂದೇಶವೂ ಹೋಯಿತು: "ಮೊಳೆ ಬಾಯಲ್ಲಿಡೋಳು ಈ ಮನೇಲಿ ಒಬ್ಬಳೇ ಸಾಕು."

ಮುಂದಿನ ಕೂಟದಲ್ಲಿ ಕಿರಿಯವಳು ಬಂದು ಚೀಲ ಕೆಳಗಿಟ್ಟಾಗ, ಅದರ ಬಾಯಿಂದ ಆ ಚರ್ಮದ ಪಟ್ಟಿಯ ತುದಿ ಇಣುಕುತ್ತಿತ್ತು. ಮೊಳೆಯ ಮುಖದ ರಕ್ತ ಇಳಿದದ್ದನ್ನು ನಾನು ನೋಡಿದೆ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳದ್ದು ಮೇಜಿಗೆ ಬರುವುದರಲ್ಲಿತ್ತು. ಕಿರಿಯವಳು ಪಟ್ಟಿಯನ್ನು ತೆಗೆದು ಕೈಗೆ ಕಟ್ಟಿಕೊಂಡು, ಬಗ್ಗಿ ನನ್ನ ಕಾಲ್ಮಣೆಯನ್ನು ಮಗುಚಿದಳು. "ದೊಡ್ಡಕ್ಕ, ಇದರ ಮೂಲೆ ಬಿಟ್ಟಿದೆ ಅಂತ ಹೇಳಿದ್ರಲ್ಲ, ಸುತ್ತಿಗೆ ಎಲ್ಲಿದೆ?"

ಮೊಳೆ ಹತ್ತಿರ ಹೋಗಿ ಅವಳ ಕೈ ಹಿಡಿದು ಪಟ್ಟಿಯನ್ನು ನೋಡಿದಳು. ಚರ್ಮ ಬೆವರಿಗೆ ಕಪ್ಪಾಗಿತ್ತು. ಮೇಲೆಲ್ಲ ಮೊಳೆಯ ತುದಿ ಗೀಚಿದ ಗೆರೆ. ಚೆನ್ನಾಗಿ ದುಡಿದ ಪಟ್ಟಿ. ಅದನ್ನು ಕಂಡು ಅವಳಿಗೆ ಸಮಾಧಾನವಾಗಬೇಕಿತ್ತು.

"ಯಾರದ್ದು ಹೊಡೀತಿದ್ದೀಯಾ ಇಷ್ಟೊಂದು?" ಎಂದಳು.

"ನಮ್ಮ ಆಫೀಸಿಗೆ ಹಳೇ ಬೆಂಚು ಬರ್ತವಲ್ಲ ಅಕ್ಕ, ಅದನ್ನ ಸರಿಮಾಡಿ ಕೊಡ್ತೀವಿ."

"ನನ್ನ ಒಂದು ಮಾತು ಕೇಳಬೇಕು ಅನ್ನಿಸ್ಲಿಲ್ವಾ?"

"ನಿಮ್ಮ ಭುಜ..."

"ನನ್ನ ಭುಜ ಚೆನ್ನಾಗಿದೆ" ಎಂದು ಮೊಳೆ ಕಾಲ್ಮಣೆಯನ್ನು ಅವಳ ಕೈಯಿಂದ ಕಿತ್ತುಕೊಂಡಳು. "ಇದು ನಾನು ಮಾಡಿದ್ದು. ಇದರ ಮೂಲೆ ನಾನೇ ಹೊಡೀತೀನಿ. ನೀನು ಬಟ್ಟೆ ಎಳೆದು ಹಿಡಿ. ಇನ್ನೂ ಬಿಗಿಯಾಗಿ!"

ಅದರ ಮರುದಿನವೇ ಅವಳು ಆ ಸಂಸ್ಥೆಗೆ ಹೋಗಿ, ಇದ್ದ ಬೆಂಚುಗಳನ್ನೆಲ್ಲ ಮಗುಚಿ ಪರೀಕ್ಷಿಸಿದಳಂತೆ. ಒಂದರ ಮೂಲೆ ಬಿಚ್ಚಿ ಮತ್ತೆ ಹೊಡೆದಳಂತೆ. ಆ ಮೂಲೆ ನಿಜಕ್ಕೂ ಸಡಿಲವಾಗಿತ್ತೋ ಇಲ್ಲವೋ ನನಗೆ ತಿಳಿಯದು. ಈಗ ವಾರಕ್ಕೊಮ್ಮೆ ಹೋಗಿ ನೋಡಿಬರುತ್ತಾಳೆ.