ಬೆಚ್ಚದ ಕೂಸು

ಹೋದ ವಾರ ಅಹಿಂಸೆಯ ಮೇಲೆ ಬಿಸಿ ಚಹಾ ಚೆಲ್ಲಿದೆ. ತುಂಬಿದ ಕಪ್ಪು, ಒಂದು ಹನಿಯೂ ಉಳಿಯದ ಹಾಗೆ.

ತಮಾಷೆ ಮಾಡುತ್ತಿಲ್ಲ. ಸೇಡಂನ ನಮ್ಮ ಕಾಲೇಜಿನಲ್ಲಿ ಸೆಮಿನಾರ್ ಇದೆ. ವಿಷಯ, ಜಾಗತಿಕ ಸುಸ್ಥಿರತೆ ಮತ್ತು ಅಹಿಂಸೆ. ಜಗತ್ತಿನಲ್ಲಿ ಯಾರ್ಯಾರು ಈ ಬಗ್ಗೆ ಏನೇನು ಹೇಳಿದ್ದಾರೋ ಅದನ್ನೆಲ್ಲ ಹುಡುಕಿ, ಓದಿ, ಸೋಸಿ ಒಂದು ಪೇಪರ್ ಮಾಡಿ ಎಂದು ಪ್ರಿನ್ಸಿಪಾಲರು ನನ್ನ ತಲೆಗೆ ಕಟ್ಟಿದ್ದಾರೆ. (ಕಾಲೇಜಿನಲ್ಲಿ ಯಾರೂ ಒಪ್ಪದ ಕೆಲಸ ಕೊನೆಗೆ ಬಂದು ಬೀಳುವುದು ಕನ್ನಡ ವಿಭಾಗದ ಮೇಲೆಯೇ. ನಿಮಗೂ ಗೊತ್ತಿರಬೇಕು.)

ಒಪ್ಪಿಕೊಂಡ ಮೇಲೆ ನಾನು ಅರ್ಧಂಬರ್ಧ ಮಾಡುವವಳಲ್ಲ. ಡೌನ್‌ಲೋಡ್ ಮಾಡಿದ್ದೇ ಮಾಡಿದ್ದು. ಕರಗುವ ಹಿಮ, ಉರಿಯುವ ಕಾಡು, ಯುದ್ಧ, ಹಸಿವು ಎಲ್ಲವೂ ನನ್ನ ಬ್ಯಾಗಿಗೆ ಬಂದವು. ಬುದ್ಧನನ್ನು ಬಿಟ್ಟು ಅಹಿಂಸೆ ಬರೆಯುವುದು ಹೇಗೆ? ಸನ್ನತಿಯ ಬೌದ್ಧ ಸ್ತೂಪಕ್ಕೂ ಹೋದೆ. ಅಗೆದು ತೆಗೆದ ಕಲ್ಲುಗಳ ಫೋಟೊ ತೆಗೆದುಕೊಂಡು ಬರುವಾಗ, ರಾವೂರಿನಲ್ಲಿರುವ ನನ್ನ ಕಕ್ಕನ ಮಗಳು ಭಾಗ್ಯಳ ಮನೆ ಹೊಕ್ಕೆ. ಊಟವಾಯಿತು, ಚಹಾ ಬಂತು. ಪ್ರಿಂಟ್‌ಔಟ್‌ಗಳನ್ನೆಲ್ಲ ನೆಲದ ಮೇಲೆ ಹರವಿಕೊಂಡು ಕೂತೆ.

ಎಲ್ಲೋ ಸೈರನ್ ಕೂಗಿತು. ಭಾಗ್ಯಳ ಅತ್ತೆ ನಾಗಮ್ಮ ಆಡುತ್ತಿದ್ದ ಮಾತನ್ನು ನಿಲ್ಲಿಸದೆಯೇ ಎದ್ದು, ಗೋಡೆಯ ಗೂಡಿನ ಅಂಚಿನಲ್ಲಿದ್ದ ಗಾಜಿನ ಬರಣಿಯನ್ನು ಒಳಕ್ಕೆ ಸರಿಸಿದರು. ಭಾಗ್ಯ ನಾದಿದ ಹಿಟ್ಟಿನ ಮೇಲೆ ತಾಟು ಮುಚ್ಚಿದಳು. ಯಾಕೆ ಎಂದು ಕೇಳಬೇಕು ಅನ್ನುವಷ್ಟರಲ್ಲಿ, ಢಮ್!

ಸುಣ್ಣದ ಕಲ್ಲಿನ ಗಣಿಯಲ್ಲಿ ಬ್ಲಾಸ್ಟ್. ನಮಗೇನು ಗೊತ್ತಿಲ್ಲದ್ದಲ್ಲ. ಆದರೆ ಸೇಡಂನ ನಮ್ಮ ಓಣಿಗೆ ಅದು ದೂರದ ಗುಡುಗು. ಇಲ್ಲಿ ಎದೆಗೇ ಗುದ್ದಿದ ಹಾಗಾಯಿತು. ಮೇಲಿಂದ ಮಣ್ಣು ಉದುರಿತು, ಕೂತ ನೆಲ ಅದುರಿತು, ಕೈಯಲ್ಲಿದ್ದ ಕಪ್ಪು ಅಹಿಂಸೆಯ ಮೇಲೆ ಬಿತ್ತು.

ಅತ್ತೆ ಸೊಸೆ ಇಬ್ಬರೂ ನಕ್ಕಿದ್ದೇ ನಕ್ಕಿದ್ದು.

“ಏನ್ರಿ ಅಕ್ಕೋರೆ, ಇಷ್ಟಕ್ಕೇ ಅಂಜಿಬಿಟ್ರಿ?” ಅಂದರು ನಾಗಮ್ಮ. (ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರು.) “ನಮ್ಮ ಬಸೂನ ನೋಡ್ರಿ. ಹುಟ್ಟಿದಾಗಿಂದ ಒಂದಿನಾನೂ ಬೆಚ್ಚಿಲ್ಲ. ಭಾಳ ಗಟ್ಟಿ ಜೀವ ಅದ!”

ಬಸು ಭಾಗ್ಯಳ ಚೊಚ್ಚಲ ಮಗ. ಇನ್ನೂ ವರ್ಷ ತುಂಬಿಲ್ಲ. ತೂಗುತೊಟ್ಟಿಲಲ್ಲಿ ಮಲಗಿ ತನ್ನ ಕಾಲಿನ ಹೆಬ್ಬೆರಳನ್ನು ಹಿಡಿಯಲು ಹೆಣಗುತ್ತಿದ್ದ. ನಿದ್ದೆಯಲ್ಲ, ಪೂರ್ತಿ ಎಚ್ಚರ. ಮನೆಯೇ ನಡುಗಿದರೂ ಅವನ ರೆಪ್ಪೆ ಅಲುಗಿರಲಿಲ್ಲ.

ನಾನೂ ನಗಬೇಕಿತ್ತು. ನಗು ಬರಲಿಲ್ಲ. ಎದ್ದು ಹೋಗಿ ಅವನಿಗೆ ಕಾಣದಂತೆ ತೊಟ್ಟಿಲ ಹಿಂದೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ಏನೂ ಇಲ್ಲ. ತಾಟಿಗೆ ಚಮಚದಿಂದ ಬಡಿದೆ. ಬಸು ತನ್ನ ಹೆಬ್ಬೆರಳಿನಲ್ಲೇ ಮುಳುಗಿದ್ದ.

“ಏನ್ ಮಾಡಾಕತ್ತೀ ಅಕ್ಕಾ?” ಅಂದಳು ಭಾಗ್ಯ, ಇನ್ನೂ ನಗುತ್ತಲೇ.

“ಭಾಗ್ಯಾ, ಕೂಸಿಗಿ ಕಿವಿ ಕೇಳಸ್ತಾವೇನು?”

ನಾಗಮ್ಮನ ಮುಖ ಕೆಂಪಾಯಿತು. “ಏನ್ ಮಾತಂತ ಆಡ್ತೀರಿ ಅಕ್ಕೋರೆ! ನಮ್ಮ ಕೂಸಿನಾಗೇ ಐಬು ಹುಡುಕ್ತೀರೇನು? ನೆಲದ ಮ್ಯಾಲ ಮಲಗಿಸಿದಾಗ ಬ್ಲಾಸ್ಟ್ ಆತಂದ್ರ ಹೊಳ್ಳಿ ನೋಡ್ತಾನ. ಕಿವಿ ಕೇಳದಿದ್ರ ಹೊಳ್ಳಿ ಹ್ಯಾಂಗ ನೋಡ್ತಾನ?”

ನೆಲದ ಮೇಲೆ! ಶಹಾಬಾದ್ ಕಲ್ಲು ಹಾಸಿದ ನೆಲದ ಮೇಲೆ!

ದೇವರೇ. ಆ ಕಲ್ಲು ಅದುರಿದ್ದು ಈಗಷ್ಟೇ ನನ್ನ ಮೈಗೂ ತಾಕಿತ್ತು. ಕೂಸು ತಿರುಗುತ್ತಿದ್ದದ್ದು ಸದ್ದಿಗಲ್ಲ, ಬೆನ್ನ ಕೆಳಗಿನ ಕಲ್ಲು ನಡುಗಿದ್ದಕ್ಕೆ. ತೊಟ್ಟಿಲಿಗೆ ಆ ನಡುಕ ಮುಟ್ಟುವುದಿಲ್ಲ. ನೆಲದ ಮೇಲೆ ತಿರುಗಿ ನೋಡಿದರೆ ಜಾಣ, ತೊಟ್ಟಿಲಲ್ಲಿ ಬೆಚ್ಚದಿದ್ದರೆ ಧೈರ್ಯವಂತ. ಎರಡಕ್ಕೂ ಮನೆಯಲ್ಲಿ ಮುತ್ತಿನ ಸುರಿಮಳೆ. ಅನುಮಾನ ಬರುವುದಾದರೂ ಎಲ್ಲಿಂದ?

ಇದನ್ನು ಅವರಿಗೆ ಬಿಡಿಸಿ ಹೇಳಿದೆ. ಭಾಗ್ಯ ದಡಕ್ಕನೆ ಎದ್ದಳು. ತೊಟ್ಟಿಲ ಹಿಂದೆ ಹೋಗಿ “ಬಸೂ” ಅಂದಳು. ಮತ್ತೆ ಕೂಗಿದಳು. ಕೂಗುತ್ತ ಕೂಗುತ್ತ ದನಿ ಒಡೆದು ಚೀರಾಟವಾಯಿತು, ಪಕ್ಕದ ಮನೆಯವರು ಓಡಿಬಂದರು. ಅವರ ಸೀರೆಯ ಬಣ್ಣ ಕಂಡ ಬಸು ಬೊಚ್ಚು ಬಾಯಿ ತೆರೆದು ನಕ್ಕ.

ಮರುದಿನ ಬೆಳಿಗ್ಗೆಯೇ ಕಲಬುರಗಿಗೆ ಕರೆದುಕೊಂಡು ಹೋದೆವು. ತಪಾಸಣೆ ಮುಗಿಯುವವರೆಗೆ ನಾನು ಹೊರಗೆ ಕೂತು ಮನಸ್ಸಿನಲ್ಲೇ ಈ ಅಂಕಣ ಬರೆದು ಮುಗಿಸಿದ್ದೆ. ಗಣಿಯವರನ್ನು ಹಿಗ್ಗಾಮುಗ್ಗಾ ಬೈದು, ಕೂಸಿನ ಕಿವಿ ಕಿತ್ತುಕೊಂಡ ಪಾಪಿಗಳು ಅಂತೆಲ್ಲ. ಭಾಳ ಖಾರವಾಗಿತ್ತು.

ಡಾಕ್ಟರಮ್ಮ ಅದನ್ನು ಒಂದೇ ಮಾತಿನಲ್ಲಿ ಹರಿದು ಹಾಕಿದರು. “ಇದು ಹುಟ್ಟಿನಿಂದಲೇ ಇರುವ ದೋಷ. ಬ್ಲಾಸ್ಟ್‌ನಿಂದ ಬಂದದ್ದಲ್ಲ.”

ಭಾಗ್ಯ ಕೇಳಿದ್ದು ಬೇರೆಯೇ. “ಅವ್ವ ಅಂತಾನೇನ್ರಿ ಮೇಡಂ?”

“ಈಗಲೇ ಬಂದಿರಿ, ಒಳ್ಳೆಯದಾಯಿತು. ಮೊದಲು ಕಿವಿಗೆ ಮಶೀನು ಹಾಕೋಣ, ಬೇಕಾದರೆ ಆಪರೇಷನ್. ಆಮೇಲೆ ದಿನಾ ತರಬೇತಿ. ಅಂತಾನೆ ಅನ್ನೋ ಭರವಸೆ ನನಗಿದೆ. ಆದರೆ ಇನ್ನೂ ತಡ ಮಾಡಿದ್ದರೆ ಮಾತು ಕಲಿಯುವುದು ಭಾಳ ಕಷ್ಟವಾಗುತ್ತಿತ್ತು.”

ನಾಗಮ್ಮ ಬಾಗಿಲ ಬಳಿಯೇ ಕುಸಿದು ಕೂತರು. “ನಾನೇ ಊರೆಲ್ಲ ಹೇಳ್ಕೋತ ತಿರಗ್ಯಾಡಿನಲ್ರೀ ಅಕ್ಕೋರೆ, ನಮ್ಮ ಕೂಸು ಅಂಜಂಗಿಲ್ಲಂತ...” ಅಂದರು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಬೈಯಲು ಒಬ್ಬ ಪಾಪಿ ಸಿಕ್ಕಿದ್ದರೆ ಎಷ್ಟು ಸಲೀಸಾಗಿರುತ್ತಿತ್ತು! ಸಿಗಲಿಲ್ಲ. ಆದರೂ ನನ್ನ ಸಿಟ್ಟು ಇಳಿದಿಲ್ಲ, ಯಾಕೆ ಗೊತ್ತೇ? ದಿನಾ ಮನೆ ನಡುಗುವ ಊರಿನಲ್ಲಿ ಯಾರೂ ಬೆಚ್ಚುವುದಿಲ್ಲ. ಬರಣಿ ಸರಿಸುತ್ತಾರೆ, ಹಿಟ್ಟು ಮುಚ್ಚುತ್ತಾರೆ, ಆಡುತ್ತಿದ್ದ ಮಾತು ನಿಲ್ಲಿಸದೆ ಮುಂದುವರಿಸುತ್ತಾರೆ. ಯಾರೂ ಬೆಚ್ಚದ ಮನೆಯಲ್ಲಿ ಕೂಸೊಂದು ಬೆಚ್ಚಲಿಲ್ಲ ಎಂದು ಯಾರಿಗೆ ಗಾಬರಿಯಾಗಬೇಕು? ಸದ್ದು ಅವನ ಕಿವಿ ಕೆಡಿಸಲಿಲ್ಲ, ನಿಜ. ಕಿವಿ ಕೆಟ್ಟಿದ್ದನ್ನು ಮುಚ್ಚಿಟ್ಟಿತು. ಇದನ್ನು ಹಿಂಸೆ ಅನ್ನಬಹುದೋ ಇಲ್ಲವೋ? ನಾನು ಓದಿದ ರಾಶಿ ಪಿಡಿಎಫ್‌ಗಳಲ್ಲಿ ಇದಕ್ಕೆ ಉತ್ತರ ಸಿಕ್ಕಿಲ್ಲ. ನಿಮಗೆ ಸಿಕ್ಕರೆ ಕಳಿಸಿಕೊಡಿ.

ಮೊನ್ನೆ ಪ್ರಿನ್ಸಿಪಾಲರು ಫೋನ್ ಮಾಡಿದ್ದರು. “ಏನ್ರಿ ಮೇಡಂ, ಪೇಪರ್ ಎಲ್ಲಿಗಿ ಬಂತು?” ರಾವೂರಿನವರೆಗೆ ಬಂದಿದೆ ಸರ್, ಮುಂದಕ್ಕೆ ಹೋಗುತ್ತಿಲ್ಲ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಬರೆಯಲು ಕೂತರೆ ನನಗೆ ಕಾಣಿಸುವುದು ಹಿಮವೂ ಅಲ್ಲ, ಕಾಡೂ ಅಲ್ಲ. ನಾವು ಕೊಡುವ ಶಹಬ್ಬಾಸ್‌ಗಳು. ಎಷ್ಟು ಬೈದರೂ ತಿರುಗಿ ಮಾತಾಡುವುದಿಲ್ಲ ಎಂದು ಸೊಸೆಯನ್ನು ಮೆಚ್ಚುತ್ತೇವೆ. ಧೂಳು ಕುಡಿದು ಕೆಮ್ಮಿದರೂ ಒಂದು ದಿನ ರಜೆ ಹಾಕಿಲ್ಲ ಎಂದು ಕೂಲಿಯವನ ಬೆನ್ನು ತಟ್ಟುತ್ತೇವೆ. ಹಿಂದಿನ ಬೆಂಚಿನ ಹುಡುಗಿ ಕ್ಲಾಸಿನಲ್ಲಿ ಬಾಯಿಯೇ ಬಿಡುವುದಿಲ್ಲ, ಎಷ್ಟು ಒಳ್ಳೆಯವಳು ಅನ್ನುತ್ತೇವೆ.

ಹೇಳಿ, ನಿಮ್ಮ ಮನೆಯಲ್ಲಿ ನೀವು ಯಾರನ್ನು ಗಟ್ಟಿ ಜೀವ ಅಂತ ಹೊಗಳುತ್ತಿದ್ದೀರಿ?