ಅತೀಯಾಳ ರುಬ್ಬುಗುಂಡು

ಅತೀಯಾ ಸಿಟ್ಟು ಬಂದರೆ ಕೂಗಾಡುವವಳಲ್ಲ, ಸ್ಪ್ಯಾನರ್ ಜೋಡಿಸುವವಳು. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಡತೊಡಗಿದಳೆಂದರೆ ಯಾರ ಮೇಲೋ ಕೆಂಡವಾಗಿದ್ದಾಳೆಂದೇ ಅರ್ಥ. ಸೋಲದೇವನಹಳ್ಳಿಯ ಆ ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ, ಅವಳ ಕೊನೆಯ ವರ್ಷವಿಡೀ, ಸ್ಪ್ಯಾನರುಗಳ ಸಾಲು ಒಮ್ಮೆಯೂ ಕದಲಲಿಲ್ಲ.

ಮನೆ ಆರ್.ಟಿ. ನಗರದಲ್ಲಿ. ತಂದೆ ಮುಜಫ್ಫರ್‌ಗೆ ಹಾಸಿಗೆ ಅಂಗಡಿ. ಮನೆಯಲ್ಲಿ ಯಾರಿಗೂ ಯಂತ್ರಗಳ ಗಂಧಗಾಳಿ ಇಲ್ಲ. ಕಾಲೇಜು ಸೇರಿದ ವರ್ಷ ಗೆಳತಿಯರ ಜೊತೆ ಯಲಹಂಕದ ಕಡೆ ಒಂದು ಕಾಲೇಜು ಹಬ್ಬಕ್ಕೆ ಹೋದವಳು ಅಲ್ಲಿ ರೋಬೋಟುಗಳ ಕಾಳಗ ನೋಡಿದಳು. ದಪ್ಪ ಪಾರದರ್ಶಕ ಗೋಡೆಯ ಪಂಜರ, ಒಳಗೆ ಎರಡು ಕಬ್ಬಿಣದ ಪೆಟ್ಟಿಗೆ. ಒಂದರ ಮೂತಿಯಲ್ಲಿ ಗಿರ್ರೆಂದು ತಿರುಗುತ್ತಿದ್ದ ಡ್ರಮ್ ತಗುಲಿದ್ದೇ ತಡ, ಇನ್ನೊಂದು ಪಂಜರದ ಸೂರಿಗೆ ಹಾರಿ ಬಿತ್ತು. ತಾನು ಮಾಡಿದ ಡ್ರಮ್ ಹಾಗೆ ಒಂದೇ ಒಂದು ಸಲ ಯಾರನ್ನಾದರೂ ಎತ್ತಿ ಎಸೆಯಬೇಕು ಎಂಬ ಹುಚ್ಚು ಅವಳಿಗೆ ಅವತ್ತು ಹಿಡಿದದ್ದು. ಒಬ್ಬರ ಮಿಷಿನ್ ಇನ್ನೊಬ್ಬರು ಒಡೆಯುವುದಕ್ಕೂ ಇಷ್ಟು ಓದಬೇಕಾ ಎಂದು ತಾಯಿ ಕುಲ್ಸುಮ್ ಕೇಳಿದ್ದುಂಟು. ಅತೀಯಾ ಹಟ ಬಿಡಲಿಲ್ಲ.

ತಂಡಕ್ಕೆ ನಾಯಕ ವಿಜಯ್ ಕುಮಾರ್, ಮಾತಿನ ಮಲ್ಲ. ರಿಮೋಟ್ ಹಿಡಿಯುವವಳು ಬಿಂದುಶ್ರೀ, ಮಾತೇ ಆಡದವಳು. ಡ್ರಮ್ಮಿನ ಹೊಣೆ ಅತೀಯಾಳದು. ದಪ್ಪ ಉಕ್ಕಿನ ಉರುಳೆಗೆ ಎರಡು ಹಲ್ಲು, ಪಕ್ಕದಲ್ಲೊಂದು ಮೋಟಾರು, ನಡುವೆ ಬೆಲ್ಟು. ನೋಡಿದವರೆಲ್ಲ ರುಬ್ಬುಗುಂಡು ಎಂದರು, ಅದೇ ರೋಬೋಟಿನ ಹೆಸರಾಯಿತು. ಮೊದಲ ಡ್ರಮ್ ಸಮತೂಕವಿಲ್ಲದೆ ಇಡೀ ರೋಬೋಟನ್ನು ಮೇಜಿನ ಮೇಲೆ ಕುಣಿಸಿತು. ಮುಂದಿನದರ ಹಲ್ಲಿನ ಬೋಲ್ಟು ಕಟ್ ಆಯಿತು. ಮತ್ತೊಂದು ವರ್ಷ ತೂಕ ಹೆಚ್ಚಾಗಿ ಪಂಜರದ ಬಾಗಿಲಿನಿಂದಲೇ ವಾಪಸ್ ಕಳಿಸಿದರು. ಈ ವರ್ಷ ಅವಳು ಉಜ್ಜಿ ಉಜ್ಜಿ ತೂಕ ಸರಿಮಾಡಿದ ಡ್ರಮ್ ಕೊನೆಗೂ ನಡುಗದೆ ತಿರುಗಿತು. ಇನ್ನೊಂದು ಮೋಟಾರು ತರಿಸಿ ಇಟ್ಟುಕೊಳ್ಳೋಣ ಎಂದು ಅಂಗಲಾಚಿದಳು. ವಿಜಯ್ ಕುಮಾರ್ ಆ ದುಡ್ಡಿಗೆ ಎಲ್ಲರಿಗೂ ಟೀ ಶರ್ಟ್ ಹೊಲಿಸಿದ. ಟೀಮ್ ಅಂದಮೇಲೆ ಒಂದು ಲುಕ್ ಬೇಡವೇ ಎಂಬುದು ಅವನ ವಾದ. ಇಂಥವರ ಜೊತೆ ಹೆಣಗುವುದೆಂದರೆ ಸುಮ್ಮನೆ ಅಲ್ಲ.

ಸ್ಪರ್ಧೆ ದಸರಾ ಮುಗಿದ ಬೆನ್ನಿಗೇ ಇತ್ತು. ಹಬ್ಬದ ರಜೆಗೆ ಮುಂಚಿನ ದಿನ ವರ್ಕ್‌ಶಾಪಿನಲ್ಲಿ ಆಯುಧಪೂಜೆ. ಅಟೆಂಡರ್ ಚಿಕ್ಕಹನುಮಯ್ಯ ಲೇತ್‌ಗೆ, ಡ್ರಿಲ್ಲಿಂಗ್ ಮಿಷಿನ್‌ಗೆ ಕುಂಕುಮವಿಟ್ಟು ಹೂ ಮುಡಿಸಿ, ರುಬ್ಬುಗುಂಡಿಗೂ ಒಂದು ಚೆಂಡುಹೂವಿನ ಹಾರ ಹಾಕಿದ. ಅತೀಯಾಳಿಗೆ ಅದು ಇಷ್ಟವೇ ಆಯಿತು. ಅಷ್ಟು ಒದ್ದಾಡಿಸಿದ ಜೀವಕ್ಕೆ ಒಂದು ಹಾರವಾದರೂ ಬೇಡವೇ. ದೃಷ್ಟಿ ತೆಗೆಯುವ ಬೂದುಗುಂಬಳಕಾಯಿಯ ತಲೆ ಕೊರೆದು ಕುಂಕುಮ ತುಂಬಿದ ಚಿಕ್ಕಹನುಮಯ್ಯ ಒಳಗೆ ಹಾಕಲು ಒಂದು ನಾಣ್ಯ ಕೇಳಿದ. ಎಲ್ಲರ ಕೈಯಲ್ಲೂ ಫೋನು, ಯಾರ ಜೇಬಿನಲ್ಲೂ ಚಿಲ್ಲರೆಯಿಲ್ಲ. ಬ್ಯಾಟರಿ ಡಬ್ಬಿಯ ಸ್ಕ್ರೂ ತಿರುಗಿಸಲು ಇಟ್ಟುಕೊಂಡಿದ್ದ ನಾಣ್ಯವನ್ನು ಅತೀಯಾಳೇ ಕೊಟ್ಟಳು. ಕಾಯಿಯನ್ನು ಗೇಟಿನ ಬಳಿ ಒಡೆಯುತ್ತಾರೆಂದುಕೊಂಡು, ಹಂಚಲು ತಂದಿದ್ದ ಸಿಹಿಯ ಡಬ್ಬ ತರಲು ಸ್ಟಾಫ್ ರೂಮಿಗೆ ಹೋದಳು.

ವಾಪಸ್ ಬರುವಷ್ಟರಲ್ಲಿ ಅನಾಹುತ ಮುಗಿದಿತ್ತು. ಮುಚ್ಚಿದ ಪಂಜರದ ಹೊರಗೆ ಡ್ರಮ್ ತಿರುಗಿಸಕೂಡದು ಎಂದು ಅವಳು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು. ವಿಜಯ್ ಕುಮಾರ್‌ಗೆ ಒಂದು ರೀಲ್ ಬೇಕಿತ್ತು. ಡ್ರಮ್ ತಿರುಗದಂತೆ ತಡೆಯುವ ಲಾಕ್ ಪಿನ್ ಕಿತ್ತು, ಕುಂಬಳಕಾಯಿಯನ್ನು ಮುಂದಿಟ್ಟು, ಡ್ರಮ್ ಓಡಿಸೆಂದು ಬಿಂದುಶ್ರೀಗೆ ಹೇಳಿದ್ದ. ಕಾಯಿ ಚೂರುಚೂರಾಯಿತು, ಗೋಡೆಯೆಲ್ಲ ಕೆಂಪಾಯಿತು, ನಾಣ್ಯ ಹೋಗಿ ಮೋಟಾರಿನ ಸಂದಿಯಲ್ಲಿ ಕಚ್ಚಿಕೊಂಡಿತು. ಹಿಡಿದು ನಿಂತ ಮೋಟಾರು ಸುಟ್ಟು ಹೊಗೆ ಬಂತು. ಯಾರ ಕಣ್ಣಿಗೂ ತಾಗದಿದ್ದುದು ಪುಣ್ಯ.

"ನಾನು ಗೇಟ್ ತಾವ ಒಡೀವಾ ಅಂತ ಏಳ್ದೆ ಕಣಮ್ಮ, ಇವ್ರು ಕೇಳ್ಲಿಲ್ಲ," ಎಂದ ಚಿಕ್ಕಹನುಮಯ್ಯ.

ಅತೀಯಾ ಇಕ್ಕಳದಿಂದ ನಾಣ್ಯ ಎಳೆದಳು. ತಾನೇ ಕೊಟ್ಟದ್ದು. ವಿಜಯ್ ಕುಮಾರ್‌ನನ್ನು ಬಾಯಿಗೆ ಬಂದಂತೆ ಬೈಯೋಣವೆಂದರೆ ಆ ನಾಣ್ಯ ಅಂಗೈಯಲ್ಲೇ ಕೂತಿತ್ತು. ಮೈಯೆಲ್ಲ ಉರಿಯುತ್ತಿತ್ತು, ಆ ಉರಿಯನ್ನು ಪೂರಾ ಯಾರ ಮೇಲೂ ಹಾಕುವಂತಿರಲಿಲ್ಲ.

ಮರುದಿನ ಸುಟ್ಟ ಮೋಟಾರು ಹಿಡಿದು ಯಶವಂತಪುರ ಸುತ್ತಿದಳು. ಮೋಟಾರಿಗೆ ತಂತಿ ಸುತ್ತಿಕೊಡುವ ಅಂಗಡಿಗಳೆಲ್ಲ ಬಾಳೆಕಂದು ಕಟ್ಟಿಕೊಂಡು ಕದ ಹಾಕಿದ್ದವು. ಒಬ್ಬರು ಬಾಗಿಲು ತೆರೆದಿದ್ದರು, ಆದರೆ ಪೂಜೆಗಿಟ್ಟ ಸಾಮಾನು ಇವತ್ತು ಮುಟ್ಟುವುದಿಲ್ಲವೆಂದರು. ಅದರ ಮಾರನೆಯ ದಿನ ಅವರೂ ಊರಿಗೆ ಹೋಗಿದ್ದರು. ಹೊಸ ಮೋಟಾರಿಗೆ ಆನ್‌ಲೈನಿನಲ್ಲಿ ಆರ್ಡರ್ ಹಾಕಿದಳು. ಫೋನ್ ತೆರೆದಾಗಲೆಲ್ಲ ಅದು ಯಾವುದೋ ದೂರದ ಗೋಡೌನಿನಲ್ಲಿ ಹಬ್ಬ ಮಾಡುತ್ತಾ ಕೂತಿತ್ತು.

ಹೀಗೆ ಸ್ಪರ್ಧೆಯ ದಿನ ಬಂತು. ರುಬ್ಬುಗುಂಡು ತಿರುಗದ ಡ್ರಮ್ ಹೊತ್ತುಕೊಂಡು ಯಲಹಂಕದ ಪಂಜರಕ್ಕಿಳಿಯಿತು. ಎದುರಾಳಿಯ ಮೂತಿಯಲ್ಲಿ ಉದ್ದನೆಯ ಬ್ಲೇಡು ಗಾಳಿ ಸೀಳುತ್ತಿತ್ತು. ಬಿಂದುಶ್ರೀ ನೇರ ನುಗ್ಗಿಸಿದಳು. ಬ್ಲೇಡು ಸುಮ್ಮನೆ ನಿಂತ ಉಕ್ಕಿನ ಡ್ರಮ್ಮಿಗೆ ಬಡಿದು ತನ್ನದೇ ಶಾಫ್ಟ್ ಮುರಿದುಕೊಂಡು ಸತ್ತುಹೋಯಿತು. ಗೆದ್ದರು. ಮೈಕ್ ಹಿಡಿದು ಬಂದವರಿಗೆ ವಿಜಯ್ ಕುಮಾರ್, ಡ್ರಮ್ ತಿರುಗಿಸದೇ ಇರುವುದು ತಮ್ಮ ತಂತ್ರವೆಂದೂ ಅದನ್ನು ಮೊದಲೇ ಯೋಚಿಸಿದ್ದೆಂದೂ ಹೇಳಿದ. ಅತೀಯಾ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಗೆದ್ದದ್ದಕ್ಕೆ ಅವಳಿಗೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಆಗಲೇ ಫೋನು ಬಂತು. ಮೋಟಾರು ಅಲ್ಲಾಳಸಂದ್ರದ ಕೊರಿಯರ್ ಆಫೀಸಿಗೆ ಬಂದಿದೆ, ಇವತ್ತು ಮನೆಗೆ ತಲುಪಿಸಲು ಜನವಿಲ್ಲ, ಬೇಕಾದರೆ ಬಂದು ತೆಗೆದುಕೊಳ್ಳಬಹುದು. ಅವಳು ಸಿಕ್ಕ ಆಟೋ ಹತ್ತಿದಳು. ಮುಂದಿನ ಸುತ್ತಿಗೆ ಇನ್ನೂ ಸಮಯವಿರುವಾಗಲೇ ವಾಪಸ್ ಬಂದು ರೋಬೋಟಿನ ಮೇಲ್ಮುಚ್ಚಳ ಬಿಚ್ಚತೊಡಗಿದಳು. ವಿಜಯ್ ಕುಮಾರ್ ಓಡಿ ಬಂದ.

"ಗೆಲ್ತಾ ಇರೋದನ್ನ ಯಾಕೆ ಮುಟ್ತೀಯಾ? ಯಾರನ್ನ ಕೇಳಿ ಬಿಚ್ತಿದ್ದೀಯಾ?"

"ಕುಂಬಳಕಾಯಿ ಮುಂದೆ ಇದನ್ನ ಓಡ್ಸೋವಾಗ ನೀನು ಯಾರನ್ನ ಕೇಳ್ದೆ?"

ಅವನು ಪಟ್ಟು ಬಿಡಲಿಲ್ಲ. ಮೋಟಾರು ಹಾಕಿಕೊಳ್ಳಲಿ, ಡ್ರಮ್ಮಿನ ಸ್ವಿಚ್ ಮಾತ್ರ ಯಾರೂ ಮುಟ್ಟಕೂಡದು ಎಂದು ಬಿಂದುಶ್ರೀಗೆ ಕಟ್ಟಪ್ಪಣೆ ಮಾಡಿದ. ಇನ್ನೊಂದು ಗೆದ್ದರೆ ಸೆಮಿಫೈನಲ್. ಈ ಕಾಲೇಜು ಅಲ್ಲಿಯವರೆಗೆ ಯಾವತ್ತೂ ಹೋಗಿರಲಿಲ್ಲ. ಅವನು ಹೇಳುವುದರಲ್ಲೂ ನ್ಯಾಯವಿದೆಯೆಂದು ಅತೀಯಾಳಿಗೆ ಗೊತ್ತಿತ್ತು. ಹಾಗೆ ಗೊತ್ತಿದ್ದದ್ದೇ ಅವಳನ್ನು ಇನ್ನಷ್ಟು ಕೆರಳಿಸಿತು. ಬೆಲ್ಟ್ ಬಿಗಿ ಮಾಡಿ, ಪಂಜರದತ್ತ ಹೊರಟ ಬಿಂದುಶ್ರೀಯ ತೋಳು ಹಿಡಿದಳು.

"ಒಂದೇ ಸಲ ಕಣೇ," ಎಂದಳು. ಬಿಂದುಶ್ರೀ ತೋಳು ಬಿಡಿಸಿಕೊಂಡು ರಿಮೋಟ್ ಹಿಡಿದು ನಡೆದಳು.

ಆಟ ಶುರುವಾಗಿ ಅರ್ಧ ಕಳೆದರೂ ಡ್ರಮ್ ತಿರುಗಲಿಲ್ಲ. ರುಬ್ಬುಗುಂಡು ಎದುರಾಳಿಯನ್ನು ತಳ್ಳುತ್ತಿತ್ತು, ಅದು ಇದನ್ನು ತಳ್ಳುತ್ತಿತ್ತು, ಎರಡು ಹಂಡೆ ಡಿಕ್ಕಿ ಹೊಡೆದ ಹಾಗೆ. ಅತೀಯಾ ಪಂಜರದ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಇಷ್ಟು ವರ್ಷ ದುಡಿದದ್ದು ಒಂದು ತೂಕದ ಕಲ್ಲು ಮಾಡುವುದಕ್ಕಾ ಎಂದು ಅಳು ಬಂತು. ಆಗ ಬಿಂದುಶ್ರೀ ರೋಬೋಟನ್ನು ಹಿಂದಕ್ಕೆ ಎಳೆದಳು. ಸಣ್ಣಗೆ ಶುರುವಾದ ಕೀರಲು ಸದ್ದು ಏರುತ್ತಾ ಏರುತ್ತಾ ಇಡೀ ಹಾಲ್ ತುಂಬಿತು. ವಿಜಯ್ ಕುಮಾರ್ ಬೇಡ ಬೇಡವೆಂದು ಕೂಗಿದ್ದು ಆ ಸದ್ದಿನಲ್ಲಿ ಮುಳುಗಿತು.

ಡ್ರಮ್ ತಗುಲಿತು. ಎದುರಾಳಿ ನೆಲ ಬಿಟ್ಟು ಪಂಜರದ ಸೂರಿಗೆ ಬಡಿದು ಮಗುಚಿ ಬಿತ್ತು. ಅದೇ ಏಟಿಗೆ ರುಬ್ಬುಗುಂಡು ಹಿಂದಕ್ಕೆ ಚಿಮ್ಮಿ ಗೋಡೆಗಪ್ಪಳಿಸಿತು, ಚಕ್ರದ ವೈರು ಕಿತ್ತು ಬಂತು. ಎದುರಾಳಿ ತಲೆಕೆಳಗಾಗಿಯೂ ಓಡುವಂಥದು. ಮಿಸುಕಾಡಿ ನಿಧಾನಕ್ಕೆ ತೆವಳಿತು. ಇವರದು ಡ್ರಮ್ ಒಂದನ್ನು ತಿರುಗಿಸುತ್ತಾ ಇದ್ದಲ್ಲೇ ಬಿದ್ದಿತ್ತು. ಕದಲದಿದ್ದರೆ ಸೋಲು, ರೆಫರಿ ಎಣಿಸಿ ಮುಗಿಸಿದರು. ಸೋತರು.

ವಿಜಯ್ ಕುಮಾರ್ ಬಂದು ಎದುರಿಗೆ ನಿಂತ. ಅವನ ಕಣ್ಣು ತುಂಬಿತ್ತು.

"ಸಮಾಧಾನ ಆಯ್ತಾ ನಿಂಗೆ?"

ಕ್ಷಮಿಸು ಅನ್ನಬೇಕು ಎಂದು ಅವಳಿಗೆ ಅನ್ನಿಸಿತು. 

"ಆಯ್ತು ಕಣೋ," ಎಂದಳು.