ಚೆನ್ನಾಗಿದೆ ಎಂದವರ ಮನೆಗಳು

ಕಟ್ಟಡದವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಲಿಫ್ಟ್ ಮಾಮ ಎಂದೇ. ಒಂದೇ ಕಂಪನಿಯಲ್ಲಿ ಲಿಫ್ಟ್ ರಿಪೇರಿ ಮಾಡಿಕೊಂಡು ಅರ್ಧ ಆಯಸ್ಸು ಕಳೆದವನಿಗೆ ಇದ್ದಕ್ಕಿದ್ದಂತೆ ಸ್ವಂತ ಬಿಸಿನೆಸ್ಸಿನ ಹುಚ್ಚು ಹತ್ತಿತು. ಚಿಕ್ಕ ಮನೆಗಳಲ್ಲಿ ಬಟ್ಟೆ ಒಣಹಾಕಲು ಜಾಗವೆಲ್ಲಿದೆ? ಬಟ್ಟೆ ಸಮೇತ ಸೂರಿಗೇರುವ ಸ್ಟ್ಯಾಂಡ್ ಮಾಡಿದರೆ ಜನ ಮುಗಿಬೀಳುತ್ತಾರೆ ಎಂದುಕೊಂಡು ಸಂಬಳವಿಲ್ಲದ ರಜೆ ಹಾಕಿದ. ಮ್ಯಾನೇಜರ್ ಒಳ್ಳೆಯವನೇ, ಆದರೆ ಖಡಕ್. ತಿಂಗಳ ಕೊನೆಯ ಶನಿವಾರ ಸಂಜೆಯೊಳಗೆ ವಾಪಸು ಬರುತ್ತೇನೆಂದು ಹೇಳದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದಿದ್ದ.

ಮಾಮನ ತಲೆಯಲ್ಲಿದ್ದ ಸ್ಟ್ಯಾಂಡಿಗೆ ಮೋಟಾರಿತ್ತು, ರಿಮೋಟಿತ್ತು, ಬಟ್ಟೆ ಒಣಗಿತೆಂದು ಕೂಗುವ ಗಂಟೆಯೂ ಇತ್ತು. ಅಕ್ಕನ ಮಗಳು ಬಂದು ಎಲ್ಲಕ್ಕೂ ಕತ್ತರಿ ಹಾಕಿದಳು. ಬಿಸಿನೆಸ್ ಓದಿದ ಹುಡುಗಿ, ಬಾಯಿ ಬಿಟ್ಟರೆ ಲೀನ್. ಅಂದರೆ ಬೊಜ್ಜಿಲ್ಲದ್ದು. ಮೊದಲು ಕೆಲಸಕ್ಕೆ ಬರುವಷ್ಟೇ ಮಾಡಬೇಕು, ನಾಲ್ಕು ಮನೆಗೆ ಕೊಡಬೇಕು, ಜನ ಏನಂತಾರೆ ಕೇಳಬೇಕು, ಆಮೇಲೆ ತಿದ್ದಬೇಕು. ಮಾಮನಿಗೆ ಮೈಯೆಲ್ಲ ಉರಿಯಿತು. ಮೋಟಾರು ಬಿಚ್ಚಿ ಜೋಡಿಸಿದ ಕೈಯಲ್ಲಿ ಈಗ ಎರಡು ಪೈಪು, ಒಂದು ರಾಟೆ, ಒಂದು ಹಗ್ಗ! ಹಲ್ಲು ಕಚ್ಚಿಕೊಂಡೇ ಮಾಡಿದ. ತನ್ನ ಮನೆಯಲ್ಲೊಂದನ್ನೂ ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ಬಿಟ್ಟಿಯಾಗಿ ಒಂದೊಂದನ್ನೂ ಕಟ್ಟಿದ.

ವಾರ ಬಿಟ್ಟು ಕೇಳಲು ಹೋದರೆ ಎಲ್ಲರದೂ ಒಂದೇ ರಾಗ: ಚೆನ್ನಾಗಿದೆ. ದುಡ್ಡು ಕೊಟ್ಟು ತಗೊಳ್ತೀರಾ ಎಂದರೆ, ನೋಡೋಣ. ನಾಲ್ಕಕ್ಕೆ ನಾಲ್ಕೂ ಗಿಟ್ಟಿತೆಂದು ಮಾಮ ಹಾರುತ್ತಾ ಬಂದು ಸುದ್ದಿ ಹೇಳಿದಾಗ ಹುಡುಗಿ ತಲೆ ಚಚ್ಚಿಕೊಂಡಳು.

"ಮಾಮ, ನೋಡೋಣ ಅಂದ್ರೆ ಬೇಡ ಅಂತ. ನನಗೆ ಸ್ಕೂಟರ್ ಕೊಡಿಸು ಅಂದಾಗೆಲ್ಲ ನೀನು ಏನಂತಿದ್ದೆ?"

ಲೀನ್ ಕಲಿಸಿದವರು ಮುಖದ ಮೇಲೆ ಬೇಡ ಅನ್ನುವ ಜನರ ನಡುವೆ ಬೆಳೆದಿರಬೇಕು. ನಮ್ಮವರಿಗೆ ಅದು ಬಾಯಿಗೆ ಬರುವುದಿಲ್ಲ, ನಾಳೆ ಅದೇ ಮುಖವನ್ನು ಲಿಫ್ಟಿನಲ್ಲಿ ನೋಡಬೇಕಲ್ಲ. ಹುಡುಗಿ ಅದಕ್ಕೂ ಉಪಾಯ ಹೇಳಿದಳು. ಕೇಳುವುದನ್ನು ಬಿಟ್ಟು ಸ್ಟ್ಯಾಂಡ್ ವಾಪಸು ಬಿಚ್ಚಲು ಹೋಗಬೇಕು. ಯಾರು ಬಿಡುವುದಿಲ್ಲವೋ ಅವರೇ ಗಿರಾಕಿ.

ಮ್ಯಾನೇಜರ್ ಕೊಟ್ಟ ಗಡುವಿನ ಶನಿವಾರ ಮಧ್ಯಾಹ್ನ ಮಾಮ ಏಣಿ ಹೊತ್ತು ಹೊರಟ. ಒಬ್ಬರಾದರೂ ಜಗಳಕ್ಕೆ ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಮೇಲಿನ ಮನೆಯ ಟೀಚರ್ ಏಣಿ ಹಿಡಿದುಕೊಂಡರು. ಎದುರು ಮನೆಯ ಯಜಮಾನರು ಸ್ಕ್ರೂ ಬಿದ್ದುಹೋದೀತೆಂದು ಅಂಗೈಯೊಡ್ಡಿ ನಿಂತರು. ಇನ್ನೊಂದು ಮನೆಯವರು ಆಗಲೇ ಬಿಚ್ಚಿ ಬಾಗಿಲ ಹಿಂದೆ ಒರಗಿಸಿಟ್ಟಿದ್ದರು. ಕೊನೆಯ ಮನೆಯಲ್ಲಿ ಟೀ ಕೊಟ್ಟರು. ಜನ ಇಷ್ಟು ಒಳ್ಳೆಯವರಾಗಿದ್ದರೆ ಬಿಸಿನೆಸ್ ಉದ್ಧಾರವಾದ ಹಾಗೆಯೇ ಎಂದು ಮಾಮ ಕುದಿಯುತ್ತಾ ಮೆಟ್ಟಿಲಿಳಿದ.

ಉಳಿದದ್ದು ತನ್ನ ಮನೆಯದು. ಹೆಂಡತಿಯಾದರೂ ಅಡ್ಡ ಬರುತ್ತಾಳೆ ಎಂಬ ಧೈರ್ಯದಲ್ಲಿ ಏಣಿ ಹತ್ತಿದ. ಅವಳು ಬುಟ್ಟಿ ತಂದು ಬಟ್ಟೆ ಇಳಿಸಿಕೊಳ್ಳತೊಡಗಿದಳು.

"ನೀನೂನಾ?"

"ಒದ್ದೆ ಬೆಡ್‌ಶೀಟ್ ಹಾಕಿ ಎಳೆದ್ರೆ ಭುಜ ಕಿತ್ತು ಬರುತ್ತೆ ರೀ. ಕುರ್ಚಿ ಮೇಲೆ ಒಣಗಿಸಿ, ನೀವು ಬರೋ ಹೊತ್ತಿಗೆ ಇದಕ್ಕೆ ಹಾಕ್ತಿದ್ದೆ. ಅಷ್ಟು ಆಸೆಯಿಂದ ಮಾಡಿದ್ರಿ, ಹೇಗೆ ಹೇಳ್ಲಿ?"

ಭುಜ ನೋಯುತ್ತದೆ ಎಂಬ ಆ ಒಂದು ಮಾತಿಗಾಗಿ ಮಾಮ ಎಷ್ಟು ಬಾಗಿಲು ತಟ್ಟಿರಲಿಲ್ಲ! ಅವಳನ್ನೇ ಕೇಳಿಬಿಟ್ಟ.

"ಈಗ ನಿಜ ಹೇಳು. ತಿದ್ದಿ ಮತ್ತೆ ಮಾಡ್ಲಾ, ಕೆಲಸಕ್ಕೆ ಹೋಗ್ಲಾ?"

ಅವಳು ಬೆಡ್‌ಶೀಟ್ ಮಡಚಿದಳು. ಅವನ ಮುಖ ನೋಡಿದಳು.

"ಕೆಲಸಕ್ಕೆ ಹೋಗಿ."

ಮಾಮನಿಗೆ ಸಿಟ್ಟೂ ಬಂತು, ಅಳುವೂ ಬಂತು. ತಾನೇ ಬೇಡಿ ಪಡೆದ ನೇರ ಉತ್ತರವನ್ನು ಏನು ಮಾಡಬೇಕೆಂದು ತಿಳಿಯದೆ, ಏಣಿಯ ಮೇಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿದ.